ಆಟಗಾರನ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು

ಕೇಳುಗರಿಗೆ ನಮಸ್ಕಾರ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಗಡಿನಾಡಿನ ಮಕ್ಕಳು ಕಾಸರಗೋಡಿನ ಕಾಲೇಜುಗಳಿಗೆ ಬಂದು ಯಾವ ಆಟವನ್ನೇ ಆಡಲಿ, ಅವರ ಮೈಕಟ್ಟನ್ನು ತೂಕವೊಂದರಿಂದಲೇ ಅಳೆಯುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಅಪರೂಪವಾದ ಬೇಸ್‌ಬಾಲನ್ನೇ ನೋಡೋಣ. ಪಿಚರ್ ಸುಮಾರು 18.44 ಮೀಟರ್ ದೂರಕ್ಕೆ ಎಸೆಯುವ ಚೆಂಡಿನ ವೇಗ ಹುಟ್ಟುವುದು ತೋಳಿನಲ್ಲಲ್ಲ. ಕಾಲು ನೆಲವನ್ನು ಒತ್ತಿದ ಬಲವು ಸೊಂಟ, ಬೆನ್ನು, ಭುಜ, ಮೊಣಕೈಗಳನ್ನು ದಾಟಿ ಬೆರಳ ತುದಿಗೆ ತಲಪುತ್ತದೆ. ಹಾಗಾಗಿ ತುಂಬಿದ ತೊಡೆ ಅವನಿಗೆ ಬಂಡವಾಳ. ಹೊರಮೈದಾನದಲ್ಲಿ ಚೆಂಡಿನ ಹಿಂದೆ ಓಡುವವನಿಗಾದರೋ ಅನಗತ್ಯ ಕೊಬ್ಬಿನ ಪ್ರತಿಯೊಂದು ಕಿಲೋ ಹೊರೆಯೇ. ಚೆಂಡು ಹೊಡೆದವನು ತಾನು ಓಡಿ ಮುಟ್ಟಬೇಕಾದ ಮೊದಲ ನೆಲೆ, ಅಂದರೆ ಮೊದಲ ಬೇಸ್‌ಗಿರುವ 27.43 ಮೀಟರನ್ನು ನಾಲ್ಕೈದು ಸೆಕೆಂಡುಗಳಲ್ಲಿ ಓಡಿ ಮುಗಿಸಬೇಕಾದ್ದರಿಂದ, ನಿಧಾನದ ದೂರದೋಟಕ್ಕಿಂತ ಗಿಡ್ಡ ಓಟ, ಜಿಗಿತ, ಬಸ್ಕಿಗಳೇ ಇಲ್ಲಿ ಹೆಚ್ಚು ಫಲ ಕೊಡುತ್ತವೆ.

ತೂಕ ಎಷ್ಟು ವಂಚಿಸಬಲ್ಲುದೆಂಬುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಮುಂದಿಟ್ಟರು: ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, 22.3 ಆಗಿದ್ದರೂ ಯುಡ್ಕಿನ್‌ರ ಮೈಯಲ್ಲಿ ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2 ಕೊಬ್ಬಿತ್ತು. ತೆಳ್ಳಗೆ ಕಾಣುವ ನಮ್ಮ ಹುಡುಗರ ವಿಷಯದಲ್ಲಿ ಇದನ್ನು ಮರೆಯಲೇಬಾರದು.

ಕೊಬ್ಬನ್ನು ಅಂದಾಜಿಸಲು ದುಬಾರಿ ಯಂತ್ರವೇ ಬೇಕೆಂದಿಲ್ಲ, ಚರ್ಮದ ಮಡಿಕೆಯ ದಪ್ಪವನ್ನು ಅಳೆಯುವ ಇಕ್ಕಳದಂಥ ಸಾಧನವಾದ ಕ್ಯಾಲಿಪರ್ ಸಾಕು. ಹುಡುಗರಲ್ಲಿ ಎದೆ, ಹೊಟ್ಟೆ, ತೊಡೆ ಈ ಮೂರು ಕಡೆ ಬಲಭಾಗದ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳಿಂದ ಸ್ನಾಯುವಿನಿಂದ ಬಿಡಿಸಿ ಹಿಡಿದು, ಬೆರಳಿನಿಂದ ಒಂದು ಸೆಂಟಿಮೀಟರ್ ಆಚೆ ಕ್ಯಾಲಿಪರಿನ ದವಡೆಯಿಟ್ಟು, ಒಂದೆರಡು ಸೆಕೆಂಡಿನೊಳಗೆ ಮಿಲಿಮೀಟರ್ ಓದಬೇಕು. ಪ್ರತಿ ಸಲವೂ ಅಳೆಯುವ ಕೈ ಒಂದೇ ಆಗಿರಬೇಕು, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ.

ಊಟದ ಮಾತು ಹೆಚ್ಚೇನಿಲ್ಲ. ಕಠಿಣ ತರಬೇತಿ ಪಡೆಯುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್ ಬೇಕು. ಬರಿಯ ಕುಚ್ಚಿಲು ಗಂಜಿ, ಉಪ್ಪಿನಕಾಯಿಯಿಂದ ಅದು ಒದಗದು, ಜೊತೆಗೆ ಬಂಗುಡೆಯೋ ಮೊಟ್ಟೆಯೋ ಹೆಸರುಕಾಳೋ ಇರಲೇಬೇಕು.

ಕರಾವಳಿಯ ಸೆಕೆಯಲ್ಲಿ ಒಂದು ಎಚ್ಚರ ಅಗತ್ಯ. ಸಂಜೆಯ ಅಭ್ಯಾಸದ ನಂತರ ತೂಕ ಒಂದು ಕಿಲೋ ಇಳಿದಿದ್ದರೆ, ಅದು ಕೊಬ್ಬು ಕರಗಿದ್ದಲ್ಲ, ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹರಿದದ್ದು. ತರಬೇತುದಾರರು ಅದನ್ನು ಕಂಡು ಸಂತೋಷಪಡದೆ, ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಗಂಜಿತಿಳಿಯನ್ನೋ ಆಗಿಂದಾಗಲೇ ಕುಡಿಸಬೇಕು. ನಮಸ್ಕಾರ.