ಸೆಂಟ್ಸು ಕೇಳಿದೆವು, ಮಟ್ಟ ಕೇಳಲಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವ ಮೊದಲು ಸರ್ವೇಯರರು ಬಂದು ಕಲ್ಲು ಹಾಕಿದ ದಿನಗಳು ನಿಮಗೆ ನೆನಪಿರಬಹುದು. 45 ಮೀಟರ್ ಅಗಲದ ದಾರಿಗೆ ಯಾರ ಜಾಗ ಎಷ್ಟು ಹೋಗುತ್ತದೆ ಎಂಬುದೇ ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿ ಮಾತು. "ನಮ್ಮದು ಎಷ್ಟು ಸೆಂಟ್ಸು ಹೋಯಿತು ಸಾರ್? ಬಾವಿ ಉಳಿಯುತ್ತದಾ? ಸೆಂಟ್ಸಿಗೆ ಎಷ್ಟು ಕೊಡ್ತಾರಂತೆ?" ಕೇಳಬೇಕಾದ ಪ್ರಶ್ನೆಗಳೇ. ಆದರೆ ಕೆಲಸ ಮುಗಿದ ಮೇಲೆ ರಸ್ತೆ ನಮ್ಮ ಅಂಗಳಕ್ಕಿಂತ ಎಷ್ಟು ಮೇಲೆ ನಿಲ್ಲುತ್ತದೆ ಎಂದು ಕೇಳಿದವರು ಕಡಿಮೆ. ಮಳೆ ಹಿಡಿದಾಗ ಸರ್ವಿಸ್ ರಸ್ತೆಯ ನೀರು ಅಂಗಳಕ್ಕೇ ಇಳಿಯುವ ಮನೆಯವರು ಈಗ ಅದನ್ನು ಕೇಳುತ್ತಿದ್ದಾರೆ.

ಸರ್ವೇಯರ್ ಎಂದರೆ ನಮಗೆ ಅಣ್ಣತಮ್ಮಂದಿರು ಪಾಲಾಗುವಾಗ, ಇಲ್ಲವೇ ನೆರೆಕರೆಯವರೊಡನೆ ಅಗಳಿನ ತಕರಾರು ಬಂದಾಗ ನೆನಪಾಗುವ ಮನುಷ್ಯ. ಹಳ್ಳಿಯಲ್ಲಿ ಅವರ ಕೆಲಸ ಹೆಚ್ಚಿನಂಶ ಅಷ್ಟೇ. ದೊಡ್ಡ ನಗರದ ಲೆಕ್ಕ ಬೇರೆ. ಅಲ್ಲಿ ಗಡಿ ತೋರಿಸುವುದು ಅರ್ಧ ಕೆಲಸ. ನೀರು ಯಾವ ಕಡೆಗೆ ಹರಿಯುತ್ತದೆ, ಚರಂಡಿ ಎಷ್ಟು ಆಳಕ್ಕೆ ಹೋಗಬೇಕು, ನೆಲದಡಿಯಲ್ಲಿ ಮೊದಲೇ ಏನಿದೆ, ಇವನ್ನೆಲ್ಲ ಹೇಳುವುದು ಉಳಿದ ಅರ್ಧ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡದು. ಗಡಿ ತಪ್ಪಿದರೆ ಕೋರ್ಟು ಇದೆ. ಮಟ್ಟ ತಪ್ಪಿದರೆ ನೀರು ಯಾವ ಕೋರ್ಟಿನ ಮಾತನ್ನೂ ಕೇಳುವುದಿಲ್ಲ.

ಮಟ್ಟ ಅಳೆಯುವ ಕೆಲಸವನ್ನು ಹತ್ತಿರದಿಂದ ನೋಡಿ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಯಂತ್ರ. ಹಿಂದೊಬ್ಬ, ಮುಂದೊಬ್ಬ, ಉದ್ದ ಅಳತೆಕೋಲು ಹಿಡಿದು ನಿಂತಿರುತ್ತಾರೆ. ಅದಕ್ಕೆ ಸ್ಟಾಫ್ ಎನ್ನುತ್ತಾರೆ. ಕೋಲು ತುಸು ವಾಲಿದರೂ ಓದು ಹೆಚ್ಚು ಬರುತ್ತದೆ. ಅದಕ್ಕೇ ಹಿಡಿದವನು ಅದನ್ನು ಮೆಲ್ಲ ಹಿಂದೆ ಮುಂದೆ ಆಡಿಸುತ್ತಾನೆ, ಆಗ ಕಂಡ ಅತಿ ಸಣ್ಣ ಓದನ್ನು ಬರೆದುಕೊಳ್ಳುತ್ತಾರೆ. ಯಂತ್ರವನ್ನು ಎರಡೂ ಕೋಲುಗಳಿಗೆ ಆದಷ್ಟು ಸಮದೂರದಲ್ಲಿ ಇಡಬೇಕು. ಭೂಮಿ ದುಂಡಗಿರುವುದರಿಂದ ನೇರ ನೋಟದ ಗೆರೆ ಒಂದು ಕಿಲೋಮೀಟರಿನಲ್ಲಿ ಸುಮಾರು 8 ಸೆಂಟಿಮೀಟರ್ ಮೇಲಾಗಿಬಿಡುತ್ತದೆ. ದೂರ ಎರಡೂ ಕಡೆಗೆ ಸಮವಾಗಿದ್ದರೆ ಹಿಂದಿನ ತಪ್ಪೂ ಮುಂದಿನ ತಪ್ಪೂ ವಜಾ. ಹೀಗೆ ಊರೆಲ್ಲ ಸುತ್ತಿ ಹೊರಟ ಜಾಗಕ್ಕೇ ಬಂದು ಲೆಕ್ಕ ಕೂಡಿಸುತ್ತಾರೆ. ತಾಳೆಯಾಗದಿದ್ದರೆ ಮೊದಲಿನಿಂದ ಶುರು.

ಒಳಚರಂಡಿಯ ಪೈಪಿಗೆ ನೂರು ಮೀಟರಿಗೆ ಅರ್ಧ ಮೀಟರ್ ಇಳಿಜಾರು ಕೊಡಬೇಕೆಂದಿಟ್ಟುಕೊಳ್ಳಿ. ಅಂದರೆ ಒಂದು ಮೀಟರಿಗೆ ಐದೇ ಮಿಲಿಮೀಟರ್. ಕಣ್ಣಳತೆಗೆ ಸಿಗುವ ಮಾತಲ್ಲ. ಲಕ್ಷಾಂತರ ಮನೆಗಳ ನಗರದಲ್ಲಿ ಇದು ಒಂದು ಬೀದಿಯಲ್ಲಿ ಎಡವಿದರೂ ಕೊಳಚೆ ತಿರುಗಿ ಯಾರದೋ ಬಚ್ಚಲಿಗೆ ಬರುತ್ತದೆ.

ಮಟ್ಟಕ್ಕೊಂದು ಸೊನ್ನೆ ಬೇಕಲ್ಲ? ಅದು ಸಮುದ್ರ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಬರೆದದ್ದನ್ನು ಎಲ್ಲರೂ ಓದಿದ್ದೇವೆ. ದೇಶದ ಹಳೆಯ ಮಟ್ಟಜಾಲವನ್ನು 1909ರಲ್ಲಿ ಲೆಕ್ಕಕ್ಕೆ ಕೂರಿಸಿದಾಗ ಒಂಬತ್ತು ಬಂದರುಗಳ ಉಬ್ಬರ ಇಳಿತದ ಸರಾಸರಿಯನ್ನು ಆಧಾರ ಮಾಡಿಕೊಂಡರು. ಅದರಲ್ಲಿ ನಮ್ಮದೇ ಕರಾವಳಿಯ ಕಾರವಾರ, ಬೇಪೂರು, ಕೊಚ್ಚಿಗಳೂ ಇದ್ದವು.

ಹಳೆಯದನ್ನು ಎತ್ತಿದ ಮೇಲೆ ಲ್ಯಾಂಬ್ಟನ್ನನನ್ನು ಬಿಡುವುದು ಹೇಗೆ? 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಿಡಿದು ದೇಶದ ಅಳತೆಗೆ ತೊಡಗಿದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್. ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಹೂಡುತ್ತ ಮಂಗಳೂರಿನ ಕಡಲಿನವರೆಗೆ ಬಂದಾಗ, ಅಲ್ಲಿಯ ತನಕದ ನಕ್ಷೆಗಳು ಈ ಪರ್ಯಾಯದ್ವೀಪವನ್ನು ಸುಮಾರು 40 ಮೈಲು ಹೆಚ್ಚು ಅಗಲ ಮಾಡಿ ತೋರಿಸಿದ್ದವೆಂದು ಗೊತ್ತಾಯಿತು. ನಮ್ಮ ಬಾಯಾರಿನ ಪೊಸಡಿಗುಂಪೆಯ ನೆತ್ತಿಯಲ್ಲೂ ಬ್ರಿಟಿಷರ ಕಾಲದ ಅಂಥದೊಂದು ಸರ್ವೆ ಠಾಣೆ ಇತ್ತು. ಈಗ ಅಲ್ಲಿಗೆ ಹೋಗುವವರು ಸೆಲ್ಫಿಗೆ ಹೋಗುತ್ತಾರೆ, ಹೋಗಲಿ.

ಬೆಂಗಳೂರಿಗೆ ಬರೋಣ. ನಮ್ಮಲ್ಲಿ ಮನೆಗೊಬ್ಬರಾದರೂ ಅಲ್ಲಿದ್ದಾರೆ. ಎತ್ತರದ ದಿಣ್ಣೆಯ ಮೇಲೆ ಕೂತ ಊರು ಅದು, ಹೊಳೆ ಉಕ್ಕಿ ಮುಳುಗುವ ಭಯವಿಲ್ಲ. ಆದರೂ 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಗಳವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದು ಕೆರೆ ತುಂಬಿದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು, ಅಲ್ಲಿಂದ ಅದರ ಕೆಳಗಿನದಕ್ಕೆ. ನಡುವಿನ ಕಾಲುವೆಯ ಮೇಲೆ ಕಟ್ಟಡ ಎದ್ದಿದ್ದವು. ಆಮೇಲೆ ಜೆಸಿಬಿಯ ಮುಂದೆ ಹಳೆಯ ಗ್ರಾಮ ನಕ್ಷೆ ಹಿಡಿದು ಕಾಲುವೆ ಎಲ್ಲಿತ್ತೆಂದು ಗೆರೆ ಎಳೆದು ತೋರಿಸಿದವರು ಸರ್ವೇಯರರೇ. ಅದೇ ನಕ್ಷೆಯನ್ನು ಲೇಔಟಿಗೆ ಮಂಜೂರಾತಿ ಕೊಡುವಾಗಲೇ ಬಿಡಿಸಿ ನೋಡಬಹುದಿತ್ತು. ಮೊದಲು ಕರೆಯಬೇಕಾದವರನ್ನು ಕೊನೆಗೆ ಕರೆದರೆ ಹೀಗೆಯೇ.

ಅದೇ ನಗರದ ಮೆಟ್ರೊ ಕೆಲಸದಲ್ಲಿ ಮಾತ್ರ ಸರ್ವೇಯರರಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿಲೋಮೀಟರ್ ನೆಲದಡಿಯ ದಾರಿ. ಸುರಂಗ ಕೊರೆಯುವ ಯಂತ್ರಕ್ಕೆ ಕಣ್ಣಿಲ್ಲ. ಮೇಲಿನ ಗುರುತುಗಳನ್ನು ಬಾವಿಯಂಥ ಕೊರೆತದೊಳಗೆ ಇಳಿಸಿ, ಅಲ್ಲಿಂದ ದಿಕ್ಕನ್ನೂ ಎತ್ತರವನ್ನೂ ಯಂತ್ರಕ್ಕೆ ಹೇಳಿಕೊಡುತ್ತಾರೆ. ಮೇಲಿರುವ ಹಳೆಯ ಕಟ್ಟಡಗಳಿಗೆ ಅಳತೆಯಂತ್ರದ ಬೆಳಕನ್ನು ತಿರುಗಿ ಕಳಿಸುವ ಸಣ್ಣ ಪ್ರಿಸಮ್ ಅಂಟಿಸಿ, ಗೋಡೆ ಮಿಲಿಮೀಟರಿನಷ್ಟು ಕುಸಿದರೂ ಗೊತ್ತಾಗುವಂತೆ ಕಾಯುತ್ತಾರೆ.

ಸುರಂಗ ಎಂದಾಗ ನಮ್ಮ ಜಿಲ್ಲೆಯವರಿಗೆ ಬೇರೆಯೇ ನೆನಪು. ಎಣ್ಮಕಜೆ, ಬಾಯಾರಿನ ಕಡೆಯ ಗುಡ್ಡೆಗಳಲ್ಲಿ ಮುರಕಲ್ಲು ಕೊರೆದು ನೀರು ತಂದವರು, ಹೊರಗಿನ ಕಡೆಗೆ ಸಣ್ಣ ಇಳಿಜಾರು ಉಳಿಸಿಕೊಂಡೇ ಒಳಗೆ ಹೋದವರು. ಯಂತ್ರ ಇರಲಿಲ್ಲ, ಮಟ್ಟದ ಅರಿವು ಇತ್ತು. ಆ ಸುರಂಗಗಳನ್ನು ನಮ್ಮ ಸರ್ವೆ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಮೇಲಿನ ಗೆರೆಗಳ ಕಾಗದ. ಗುಡ್ಡ ಕಡಿಯುವಾಗ ಒಳಗಿನ ನೀರಿನ ದಾರಿ ಲೆಕ್ಕಕ್ಕೆ ಬರುವುದಿಲ್ಲ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಹೆದ್ದಾರಿಗೆ ಜರಿದು ಬಿದ್ದದ್ದನ್ನು ಕಂಡ ಮೇಲಾದರೂ ಗುಡ್ಡದ ಒಳಗನ್ನೂ ನಕ್ಷೆಗೆ ತರಬೇಡವೇ?

ಈಗ ಅಳತೆಯ ಹೊಸ ಕಾಲ. ಕೇರಳದಲ್ಲಿ 2022ರ ನವೆಂಬರಿನಿಂದ ಡಿಜಿಟಲ್ ರೀಸರ್ವೆ ನಡೆಯುತ್ತಿದೆ. ಉಪಗ್ರಹದ ಸಂಕೇತ ಹಿಡಿಯುವ ಯಂತ್ರ ನೆಲದ ಒಂದು ಬಿಂದುವನ್ನು ಕೆಲವೇ ಸೆಂಟಿಮೀಟರ್ ವ್ಯತ್ಯಾಸದೊಳಗೆ ಹಿಡಿದುಕೊಡುತ್ತದೆ. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದೇ ಕಡೆ ಜೋಡಿಸುವ 'ಎನ್ಟೆ ಭೂಮಿ' ಪೋರ್ಟಲ್ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರಿನಲ್ಲಿ, 2024ರಲ್ಲಿ. ಪಟ್ಟಣಗಳ ಅಳತೆಗೆಂದು ಕೇಂದ್ರ ಸರಕಾರ 2025ರ ಫೆಬ್ರವರಿಯಲ್ಲಿ 152 ನಗರಾಡಳಿತ ಸಂಸ್ಥೆಗಳಲ್ಲಿ 'ನಕ್ಷಾ' ಆರಂಭಿಸಿತು. ಆಕಾಶದಿಂದ ಚಿತ್ರ ತೆಗೆದರೂ ನೆಲಕ್ಕಿಳಿದು ತಾಳೆ ನೋಡುವ ಮನುಷ್ಯ ಬೇಕೇ ಬೇಕು. ಅವರ ಪಾಡೂ ಸುಲಭದ್ದಲ್ಲ. 2022ರಲ್ಲಿ ಕೇರಳದ ಸಿಲ್ವರ್‌ಲೈನ್ ರೈಲು ಯೋಜನೆಗೆ ಜಾಗ ಗುರುತಿಸಲು ಹಾಕಿದ ಹಳದಿ ಕಲ್ಲುಗಳನ್ನು ಜನ ಕಿತ್ತೆಸೆದರಲ್ಲ, ಸಿಟ್ಟು ಯೋಜನೆಯ ಮೇಲೆ, ಬೈಗುಳ ತಿಂದದ್ದು ಕಲ್ಲು ಹೊತ್ತವರು.

ರೀಸರ್ವೆಯವರು ನಿಮ್ಮಲ್ಲಿಗೆ ಬಂದಾಗ ಜಾಗದಲ್ಲೇ ಇರಿ. ಗಡಿ ಮಾತ್ರವಲ್ಲ, ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡನ್ನೂ ಸುರಂಗದ ಬಾಯಿಯನ್ನೂ ತೋರಿಸಿ. ಎದುರಿಗೆ ಹೊಸ ರಸ್ತೆ ಬರುವುದಾದರೆ, ಸೆಂಟ್ಸಿನ ಜೊತೆಗೆ ಅದು ಮುಗಿದಾಗಿನ ಎತ್ತರವನ್ನೂ ಕೇಳಿ. ಪ್ಲಾನಿನಲ್ಲಿ ಅದು ಬರೆದಿರುತ್ತದೆ. ಬೆಂಗಳೂರಿನಲ್ಲಿ ಸೈಟು ನೋಡುತ್ತಿರುವ ಮಕ್ಕಳಿಗೆ ಮುಂಗಡ ಕೊಡುವ ಮೊದಲು ಆ ಊರಿನ ಗ್ರಾಮ ನಕ್ಷೆ ತೆಗೆದು ನೋಡಲು ಹೇಳಿ. ಕರ್ನಾಟಕದ ಭೂದಾಖಲೆಗಳ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ, ಮೊಬೈಲಿನಲ್ಲಾದರೆ ದಿಶಾಂಕ್ ಆಪ್ ಇದೆ. ಸರ್ವೆ ನಂಬ್ರ ಹಾಕಿ, ಹಳ್ಳದ ಗೆರೆಯೊಂದು ಆ ಜಾಗದ ಒಳಗಿಂದ ಹಾದುಹೋಗಿದೆಯೋ ಎಂದು ನೋಡಿಕೊಳ್ಳಲಿ. ನಮಸ್ಕಾರ.