ಕರಡಿಯ ಕಂಬಳಿ

ವೇದಿಕೆಯ ಮೇಲಿನ ಹಿರಿಯರೆ, ಪ್ರಾಣಿಶಾಸ್ತ್ರದ ಅಧ್ಯಾಪಕ ಮಿತ್ರರೆ, ಬಳ್ಳಾರಿಯ ಈ ಬಿಸಿಲಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳಿಗಾಗಿ ಬೇಗನೆ ಬಂದು ಕುಳಿತಿರುವ ವಿದ್ಯಾರ್ಥಿಗಳೆ,

ಜೀವವಿಕಾಸದ ಪಾಠವನ್ನು ನಿಮಗೆ ಮತ್ತೆ ಒಪ್ಪಿಸಲು ನಾನು ಬಂದಿಲ್ಲ. ಈ ಸಲ ನನ್ನ ಕೈಗೆ ಬಂದ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಎದುರಾಯಿತು: ‘ಮರುಭೂಮಿಯಲ್ಲಿ ಬದುಕುವುದಕ್ಕಾಗಿ ಒಂಟೆಯು ಡುಬ್ಬವನ್ನು ಬೆಳೆಸಿಕೊಂಡಿತು.’ ತಪ್ಪೆಂದು ಗೊತ್ತಿದ್ದೂ ಅರ್ಧ ಅಂಕ ಕೊಟ್ಟೆ. ಏಕೆಂದರೆ ತರಗತಿಯಲ್ಲಿ ಆ ವಾಕ್ಯವನ್ನು ಹೇಳಿಕೊಟ್ಟವನು ನಾನೇ ಇರಬಹುದೆಂಬ ಅನುಮಾನ ನನಗಿತ್ತು.

ನನ್ನ ತಕರಾರು ಒಂಟೆಯೊಂದಿಗಲ್ಲ, ‘ಕೊಳ್ಳು’ ಎಂಬ ನಮ್ಮ ಕ್ರಿಯಾಪದದೊಂದಿಗೆ. ಬರೆದುಕೊಂಡ, ಕಟ್ಟಿಸಿಕೊಂಡ, ಬೆಳೆಸಿಕೊಂಡ ಎಂದೊಡನೆ ತನಗಾಗಿ, ತಿಳಿದು, ಬಯಸಿ ಮಾಡುವ ಒಬ್ಬ ಕರ್ತೃ ವಾಕ್ಯದೊಳಗೆ ಬಂದು ಕೂರುತ್ತಾನೆ. ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಯಾದ ಕನ್ನಡ ಅಧ್ಯಾಪಕರು, ‘ಹಾಗಾದರೆ ಬಿದ್ದು ಕಾಲು ಮುರಿದುಕೊಂಡವನು ಅದನ್ನು ಬಯಸಿ ಮುರಿದುಕೊಂಡನೆ?’ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು. ಅವರ ವ್ಯಾಕರಣ ಸರಿ. ಆದರೆ ನಮ್ಮ ವಿದ್ಯಾರ್ಥಿಗಳ ಒಂಟೆ ಡುಬ್ಬವನ್ನು ಕಾಲು ಮುರಿದುಕೊಂಡ ಅರ್ಥದಲ್ಲಿ ಬೆಳೆಸಿಕೊಂಡಿಲ್ಲ, ಮನೆ ಕಟ್ಟಿಸಿಕೊಂಡ ಅರ್ಥದಲ್ಲಿ ಬೆಳೆಸಿಕೊಂಡಿದೆ.

ಒಂಟೆಗಳ ವಂಶ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 35 ಲಕ್ಷ ವರ್ಷಗಳಷ್ಟು ಹಳೆಯ ಒಂಟೆಯ ಮೂಳೆಯ ಚೂರುಗಳು ಸಿಕ್ಕಿವೆ. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು; ತಿಂಗಳುಗಟ್ಟಲೆ ಕತ್ತಲೆ ಕವಿಯುವ ಆ ಚಳಿಗಾಲದಲ್ಲಿ ಇಂಥ ಕೊಬ್ಬಿನ ಸಂಗ್ರಹ ಉಪಯೋಗಕ್ಕೆ ಬಂದಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಹಾಗಿದ್ದರೆ ಮರಳುಗಾಡನ್ನು ಕಾಣುವ ಎಷ್ಟೋ ಮೊದಲೇ ಡುಬ್ಬವಿತ್ತು. ಮರಳುಗಾಡಿಗಾಗಿ ಅದನ್ನು ‘ಬೆಳೆಸಿಕೊಂಡ’ವರು ಯಾರು?

ಈಗ ನಮ್ಮೂರಿನ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹೈಸ್ಕೂಲು ಮಕ್ಕಳೊಂದಿಗೆ ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. 1994ರಲ್ಲಿ ಘೋಷಣೆಯಾದ ಆ ಧಾಮವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಕಾವಲುಗಾರರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋದ ಮೇಲೆ ವೀಕ್ಷಣಾ ಗೋಪುರದಲ್ಲಿ ಉಸಿರು ಬಿಗಿಹಿಡಿದು ಕಾಯುವ ಆ ಹೊತ್ತನ್ನು ವರ್ಣಿಸುವ ಅಗತ್ಯವಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಾಯಿಕರಡಿಯೊಂದು ಬೆನ್ನಮೇಲೆ ಎರಡು ಮರಿಗಳನ್ನು ಹೊತ್ತು ಬಂಡೆಯ ಸಂದಿಯಿಂದ ಹೊರಬಂತು. ಆಗ ಕುರಿಗಾರರ ಮನೆಯ ಹುಡುಗನೊಬ್ಬ ನನ್ನ ಅಂಗಿ ಜಗ್ಗಿ ಕೇಳಿದ: ‘ಈ ಬಿಸಿಲಾಗ ಕರಡಿ ಯಾಕ್ರಿ ಸರ್ ಕಂಬಳಿ ಹೊದ್ಕಂಡೈತಿ?’

ನನ್ನಲ್ಲಿ ಉತ್ತರವಿರಲಿಲ್ಲ. ‘ಸದ್ದು ಮಾಡಬೇಡ, ಕರಡಿ ಓಡಿಹೋಗುತ್ತದೆ’ ಎಂದು ಅಧ್ಯಾಪಕರ ಹಳೆಯ ಉಪಾಯ ಹೂಡಿದೆ.

ಅಂದಿನಿಂದ ಆ ಕಂಬಳಿ ನನ್ನ ಬೆನ್ನು ಬಿಟ್ಟಿಲ್ಲ. ಈ ಕರಡಿಯ ಕೂದಲು ಉದ್ದವೇ ಹೌದು, ಆದರೆ ಹಿಮಪ್ರದೇಶದ ಕರಡಿಗಳಿಗಿರುವ ದಟ್ಟವಾದ ಒಳತುಪ್ಪಟ ಇದಕ್ಕೆ ಇಲ್ಲವೇ ಇಲ್ಲವೆನ್ನಬಹುದು. ಹಗಲಿನ ಉರಿಯನ್ನು ಅದು ಬಂಡೆಗಳ ನಡುವಿನ ಗವಿಯಲ್ಲಿ ಕಳೆಯುತ್ತದೆ. ಇನ್ನು ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವುದು ಕರಡಿಗಳಲ್ಲಿ ಈ ಜಾತಿಯ ವಿಶೇಷ. ಹಿಡಿಯಲು ಕೂದಲಿಲ್ಲದಿದ್ದರೆ ಮರಿಗಳು ಎಲ್ಲಿ ನಿಲ್ಲುತ್ತಿದ್ದವು? ಒಂದು ಅಂಗಕ್ಕೆ ಒಂದೇ ಕಾರಣ ಹುಡುಕುವ ನಮ್ಮ ಗೈಡು ಪುಸ್ತಕದ ಬುದ್ಧಿಗೆ ಕರಡಿ ಸಿಗುವುದಿಲ್ಲ.

ಗೆದ್ದಲು ಅದರ ಮುಖ್ಯ ಆಹಾರ. ಹುತ್ತವನ್ನು ಅಗೆಯುವ ಉದ್ದನೆಯ ಬಾಗಿದ ಉಗುರುಗಳು, ಮಣ್ಣು ಹೋಗದಂತೆ ಮುಚ್ಚಬಲ್ಲ ಮೂಗಿನ ಹೊಳ್ಳೆಗಳು, ಚಾಚಬಲ್ಲ ತುಟಿಗಳು, ಮೇಲಿನ ಸಾಲಿನ ನಡುವೆ ಎರಡು ಬಾಚಿಹಲ್ಲುಗಳೇ ಇಲ್ಲದ ಬಾಯಿ, ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಎಳೆದುಕೊಳ್ಳುವ ಕ್ರಮ, ಇವೆಲ್ಲ ಸೇರಿ ಅದೊಂದು ನಡೆದಾಡುವ ಹೀರುಗೊಳವೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿದ್ವಾಂಸರು ಆ ಉಗುರು, ಆ ಹಲ್ಲುಗಳನ್ನು ನೋಡಿ, ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತಾಡುವ ಸ್ಲಾತ್ ಪ್ರಾಣಿಯ ಗುಂಪಿಗೆ ಇದನ್ನು ಸೇರಿಸಿಬಿಟ್ಟರು. ಅದೇ ಹೆಸರಿನ ಎಂಜಲು ಇಂಗ್ಲಿಷಿನಲ್ಲಿ ಇಂದಿಗೂ ಈ ಕರಡಿಗೆ ಅಂಟಿಕೊಂಡಿದೆ. ನೋಡಿ, ನಾನೂ ‘ಅಂಟಿಕೊಂಡಿದೆ’ ಎಂದೆ! ಕಂಬಳಿಯ ಮೇಲೆ ಕೂತು ಊಟದಲ್ಲಿ ಕೂದಲು ಆರಿಸುವವನ ಸ್ಥಿತಿ ನನ್ನದು.

ಆ ಹುಡುಗನ ಮನೆಯ ಕುರಿಗಳಿಗೂ ಇದೇ ಪ್ರಶ್ನೆ ಕೇಳಬಹುದಿತ್ತು. ಆಸ್ಟ್ರೇಲಿಯದ ಬಿಸಿಲಿನಲ್ಲಿ ನಿಂತ ಮೆರಿನೋ ಕುರಿಗಳನ್ನು ಅಳೆದು ನೋಡಿದಾಗ ತುಪ್ಪಟದ ತುದಿ 80 ಡಿಗ್ರಿ ಸೆಲ್ಸಿಯಸ್ ದಾಟಿದ್ದರೂ ಕೆಳಗಿನ ಚರ್ಮ 40ರ ಆಸುಪಾಸಿನಲ್ಲೇ ಇತ್ತು. ಮೇ ತಿಂಗಳಲ್ಲೂ ಕಂಬಳಿ ಹೊದ್ದು ಹಿಂಡಿನ ಹಿಂದೆ ನಡೆಯುವ ನಮ್ಮ ಕುರಿಗಾಹಿಗಳಿಗೆ ಇದು ಹೊಸ ಸುದ್ದಿಯಲ್ಲ. ಯಾವ ಟಗರು ಹಿಂಡಿನಲ್ಲಿ ಉಳಿಯಬೇಕು, ಯಾವುದು ಸಂತೆಗೆ ಹೋಗಬೇಕು ಎಂದು ಅವರು ತಲೆಮಾರುಗಳಿಂದ ಆರಿಸುತ್ತ ಬಂದದ್ದರಿಂದ ಬಳ್ಳಾರಿ ತಳಿಯ ಕುರಿ ಇಂದಿನ ರೂಪದಲ್ಲಿದೆ. ಆ ಆಯ್ಕೆಯಲ್ಲಿ ಕುರಿಯನ್ನು ಯಾರೂ ಕೇಳಿರಲಿಲ್ಲ. ಕಾಡಿನಲ್ಲಿ ಆ ಕುರಿಗಾಹಿಯೂ ಇಲ್ಲ. ಅಲ್ಲಿ ಹುಟ್ಟಿನಲ್ಲೇ ಬಂದ ಸಣ್ಣ ವ್ಯತ್ಯಾಸಗಳಿವೆ, ಬಿಸಿಲಿದೆ, ಹಸಿವಿದೆ, ಮತ್ತು ಯಾರಿಗೆ ಎಷ್ಟು ಮರಿಗಳು ಉಳಿದವು ಎಂಬ ಲೆಕ್ಕವಿದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಎಂದಿದೆ, ಬಹುಶಃ ಐದು.

ಒಂದು ಕಡೆ ಮಾತ್ರ ‘ಕೊಳ್ಳು’ವಿಗೆ ನಾನು ಜಾಗ ಬಿಡುತ್ತೇನೆ. ಮಲೆನಾಡಿನಿಂದ ರಾಯಚೂರಿಗೆ ವರ್ಗವಾಗಿ ಬಂದ ನೌಕರನ ದೇಹ ಬಿಸಿಲಿಗೆ ಒಡ್ಡಿಕೊಂಡ ಒಂದೆರಡು ವಾರಗಳಲ್ಲಿ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದನ್ನು ಒಗ್ಗಿಕೊಳ್ಳುವುದೆಂದು ಕರೆಯೋಣ. ಬಹಳಷ್ಟು ಮಂದಿ ಅಷ್ಟರೊಳಗೇ ಮರುವರ್ಗಾವಣೆಗೆ ಅರ್ಜಿ ಬರೆದಿರುತ್ತಾರೆ ಎಂಬುದು ಬೇರೆ ಮಾತು. ಹೀಗೆ ಒಗ್ಗಿದ ಬೆವರು ಅವರ ಮಕ್ಕಳಿಗೆ ಆಸ್ತಿಯಂತೆ ಬರುವುದಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನದು ಬೇರೆ ಕಥೆ. ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಅದಕ್ಕಿದೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಅದರ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲದ ಬದಲು ಅಲನಿನ್ ಎಂಬ ಇನ್ನೊಂದು ಇದೆ, ಅದರಿಂದ ತೆಳುಗಾಳಿಯಲ್ಲೂ ಆಮ್ಲಜನಕ ಹೆಚ್ಚು ಬಿಗಿಯಾಗಿ ಹಿಡಿತಕ್ಕೆ ಸಿಗುತ್ತದೆ. ಇದು ಮೊಟ್ಟೆಯೊಳಗಿದ್ದಾಗಲೇ ಬರೆದು ಬಂದದ್ದು. ಯಾವ ಹೆಬ್ಬಾತೂ ಬಯಸಿ ಬದಲಿಸಿದ್ದಲ್ಲ.

ತುಂಗಭದ್ರೆಯ ನೀರುನಾಯಿಗಳ ಜಾಲಪಾದ, ಹಂಪಿಯ ಬಂಡೆಗಳ ಮೇಲೆ ಬಣ್ಣ ಬದಲಿಸುವ ಓತಿಕೇತ, ಎರಡನ್ನೂ ಟಿಪ್ಪಣಿಯಲ್ಲಿ ಬರೆದು ತಂದಿದ್ದೆ. ಅವು ಇನ್ನೊಂದು ದಿನಕ್ಕಿರಲಿ.

ಆ ಹುಡುಗ ಈಗ ಇದೇ ಕಾಲೇಜಿನಲ್ಲಿ ಓದುತ್ತಾನೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ತಮ್ಮಾ, ಕರಡಿ ಕಂಬಳಿಯನ್ನು ಹೊದ್ದುಕೊಂಡದ್ದಲ್ಲ, ಹೊದ್ದೇ ಹುಟ್ಟಿದ್ದು. ತಡವಾದದ್ದಕ್ಕೆ ಕ್ಷಮಿಸು. ನಮಸ್ಕಾರ.