ಡೀನ್ ಕಚೇರಿಯ ಬೀರುವಿನಲ್ಲಿ

ಎಲ್ಲರಿಗೂ ನಮಸ್ಕಾರ.

‘ಆಡಳಿತ ದಾಖಲೆಗಳು’ ಅಂತ ವಿಷಯ ನೋಡಿಯೂ ಇಷ್ಟು ಜನ ಬಂದಿದ್ದೀರಿ. ಆಮೇಲೆ ಕಾಫಿ ಇದೆ ಅನ್ನೋ ಸುದ್ದಿ ಹಬ್ಬಿರಬೇಕು.

ನಾನು ಹೇಳಹೊರಟಿರುವುದು ನ್ಯೂಯಾರ್ಕಿನ ಒಂದು ಶಾಲೆಯ ಬಗ್ಗೆ. ಅಲ್ಲಿ ‘ದಿ ನ್ಯೂ ಸ್ಕೂಲ್’ ಅಂತ ಒಂದು ವಿಶ್ವವಿದ್ಯಾಲಯ ಇದೆ. 1919ರಲ್ಲಿ ಶುರುವಾದದ್ದು. ಹಗಲು ದುಡಿದು ಸಂಜೆ ಓದುವವರಿಗೆ ಹೆಸರಾದ ಜಾಗ. 1964ರಲ್ಲಿ ಅಲ್ಲಿ ನ್ಯೂಯಾರ್ಕ್ ನಗರವೊಂದನ್ನೇ ಅಧ್ಯಯನ ಮಾಡುವ ಕೇಂದ್ರ ತೆರೆದರು. ಅದರ ಬೆನ್ನಿಗೆ 1975ರಲ್ಲಿ ಸ್ನಾತಕೋತ್ತರ ಶಾಲೆ ಬಂತು: ‘ಗ್ರ್ಯಾಜುಯೇಟ್ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್ ಅಂಡ್ ಅರ್ಬನ್ ಪ್ರೊಫೆಷನ್ಸ್’.

ಆ ಇಸವಿ ನೋಡಿ. 1975ರಲ್ಲಿ ನ್ಯೂಯಾರ್ಕ್ ನಗರದ ಖಜಾನೆ ಬರಿದಾಗಿತ್ತು. ದಿನದ ಖರ್ಚಿಗೂ ಸಾಲ ಮಾಡಿ ಮಾಡಿ, ಕೊನೆಗೆ ಸಾಲ ಹುಟ್ಟುವುದೇ ನಿಂತಿತು. ಅಕ್ಟೋಬರ್ 17ರಂದು ದಿವಾಳಿಗೆ ಇನ್ನೇನು ಕೆಲವೇ ಗಂಟೆ. ಆಗ ಶಿಕ್ಷಕರ ಸಂಘ ತನ್ನ ಪಿಂಚಣಿ ನಿಧಿಯಿಂದ ಬಾಂಡ್ ಕೊಳ್ಳಲು ಒಪ್ಪಿತು. ಮೇಷ್ಟ್ರುಗಳು ತಮ್ಮ ಮುಪ್ಪಿಗೆ ಇಟ್ಟುಕೊಂಡ ದುಡ್ಡು ಅಲ್ವಾ ಅದು! ಅದೇ ತಿಂಗಳ 29ಕ್ಕೆ ಅಧ್ಯಕ್ಷ ಫೋರ್ಡ್, ನಗರಕ್ಕೆ ಒಕ್ಕೂಟ ಸರ್ಕಾರ ನೆರವು ಕೊಡುವ ಮಸೂದೆ ಬಂದರೆ ತಡೆಯುತ್ತೇನೆ ಎಂದರು. ಮುಂದೆ ಮನಸ್ಸು ಬದಲಿಸಿ ಸಾಲ ಕೊಟ್ಟರು ಅನ್ನಿ.

ನಗರ ನಡೆಸುವುದು ಹೇಗೆ ಅಂತ ಕಲಿಸುವ ಶಾಲೆ ಹುಟ್ಟಿದ್ದು ಅಂಥ ವರ್ಷದಲ್ಲಿ. ಇಂಥ ಕಡೆ ಪ್ರಾಸ್ಪೆಕ್ಟಸ್ ಓದಿದರೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಎಲ್ಲರೂ ನಗುತ್ತಿರುತ್ತಾರೆ. ನಾನಾಗಿದ್ದರೆ ಮೊದಲು ಸಭೆಯ ನಡಾವಳಿ ತೆಗೆಯುತ್ತೇನೆ. ಆಮೇಲೆ ಬಜೆಟ್ ಹಾಳೆ. ಯಾವ ಕೋರ್ಸಿಗೆ ಜನ ಬರಲಿಲ್ಲ, ಯಾವುದನ್ನು ಸದ್ದಿಲ್ಲದೆ ಕೈಬಿಟ್ಟರು ಅನ್ನುವುದು ಅಲ್ಲೇ ಇರುತ್ತದೆ.

ಲೆಟರ್‌ಹೆಡ್ ಕೂಡ ನೋಡಬೇಕು. 90ರ ದಶಕದಲ್ಲಿ ಶಾಲೆಗೆ ರಾಬರ್ಟ್ ಜೆ. ಮಿಲಾನೊ ಅವರ ಹೆಸರು ಬಂತು. ಬಾಲದಲ್ಲಿದ್ದ ‘ಪ್ರೊಫೆಷನ್ಸ್’ ಹೋಗಿ ‘ಪಾಲಿಸಿ’ ಆಯಿತು. ವೃತ್ತಿ ಹೋಗಿ ನೀತಿ. ಸುಮ್ನೆ ಒಂದು ಪದ ಬದಲಾಯಿತು ಅಂತ ನನಗಂತೂ ಅನ್ನಿಸುವುದಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ವಿಭಾಗವೂ ಸೇರಿ ಹೆಸರು ಇನ್ನೂ ಉದ್ದವಾಯಿತು. ಹೆಸರು ಬದಲಾದಾಗಲೆಲ್ಲ ದಾಖಲೆ ಜೋಡಿಸುವವರಿಗೆ ತಲೆನೋವು. ಹಳೇ ಕಾಗದ ಯಾರ ಲೆಕ್ಕಕ್ಕೆ?

ಅಂಕಪಟ್ಟಿಗಳ ಕಥೆ ಬೇರೆ. ಅಮೆರಿಕದಲ್ಲಿ 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಯ ದಾಖಲೆಯನ್ನು ಅವರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಸಾಮಾನ್ಯವಾಗಿ ತೋರಿಸುವ ಹಾಗಿಲ್ಲ. ಅವು ಸಂಶೋಧಕರ ಕೈಗೆ ಸಿಗುವ ಪೆಟ್ಟಿಗೆಯೊಳಗೆ ಸೇರಿಕೊಂಡಿವೆಯೇ ಅಂತ ಒಂದೊಂದೇ ಹಾಳೆ ಮಗುಚಿ ನೋಡಬೇಕು. ಬೇಸರದ ಕೆಲಸ, ಮಾಡಲೇಬೇಕು.

ಅಂದಹಾಗೆ, ನಮ್ಮ ‘ಕಡತ’ ಮೊದಲು ಕಾಗದವೇ ಅಲ್ಲ, ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಕಲಸಿ ಬಳಿದು ಮಡಚಿಟ್ಟ ಬಟ್ಟೆ. ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಕೆಲವು ಕಚೇರಿಗಳಿಗೆ ಈಗಲೂ ಅದೇ ಇಷ್ಟವಾದೀತು.

ದಾಖಲೆಗಾರರಿಗೆ ಎಲ್ಲ ಕಡೆಯೂ ಎರಡು ಮಾತು ಹೇಳಿಕೊಡುತ್ತಾರೆ. ಕಾಗದ ಯಾರ ಕಚೇರಿಯಲ್ಲಿ ಹುಟ್ಟಿತೋ ಅವರ ಲೆಕ್ಕದಲ್ಲೇ ಇಡು. ಅವರು ಇಟ್ಟಿದ್ದ ಕ್ರಮ ಕೆಡಿಸಬೇಡ. ಎರಡನೆಯದನ್ನು ನಾನು ಕಲಿತದ್ದು ಕೆಡಿಸಿಯೇ.

ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಒಂದು ಕಾಲೇಜಿನ ಹಳೇ ಬೀರು ಕೊಟ್ಟರು. ಗುಂಡುಸೂಜಿ ಚುಚ್ಚಿದ ಕಂತೆಗಳು. ಸೂಜಿ ಕಿತ್ತು, ಎಲ್ಲವನ್ನೂ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದೆ. ನೋಡಲು ಬಹಳ ಚೆಂದ. ಮರುವಾರ ಅಲ್ಲಿಂದಲೇ ನಿವೃತ್ತರಾಗಿದ್ದ ಗುಮಾಸ್ತರೊಬ್ಬರು ಬಂದರು. ನಾಲ್ಕು ಹಾಳೆ ತಿರುವಿ, “ಏನ್ ಮಾಡಿಬಿಟ್ರಿ ಸಾರ್, ಇದೆಲ್ಲ ಒಂದೇ ಜಗಳದ ಕಾಗದ” ಅಂದರು. ದೂರು ಒಂದು ಪೆಟ್ಟಿಗೆಯಲ್ಲಿ, ಉತ್ತರ ಇನ್ನೊಂದರಲ್ಲಿ, ಜಗಳಕ್ಕೆ ಕಾರಣವಾದ ಕ್ಯಾಂಟೀನ್ ಬಿಲ್ ಮತ್ತೊಂದರಲ್ಲಿ.

ಅವರೇ ಉಪಾಯ ಹೇಳಿದರು. ಹಾಳೆಯ ಮೂಲೆಯಲ್ಲಿ ಸೂಜಿಯ ತುಕ್ಕು ಉಳಿದಿತ್ತು. ಎರಡು ಕಂದು ಚುಕ್ಕೆ, ನಡುವೆ ತೆಳು ಗೆರೆ. ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದರ ಮೇಲೊಂದು ಇಟ್ಟು, ತೂತಿಗೆ ತೂತು ಹೊಂದಿಸುತ್ತಾ ಕೂತೆವು. ಕತ್ತಲಾಗುವ ಹೊತ್ತಿಗೆ ಹನ್ನೊಂದು ಹಾಳೆ ಕೂಡಿದವು. ಕ್ಯಾಂಟೀನ್ ಬಿಲ್ ಮಾತ್ರ ಯಾವುದಕ್ಕೂ ಕೂಡಲಿಲ್ಲ. ಅದಕ್ಕೆ ಸೂಜಿಯನ್ನೇ ಚುಚ್ಚಿರಲಿಲ್ಲ.